ಗುಳಿಗಿ ಕೊಟ್ಟು ಕೈ ತೊಳ್ಕೊಂಡ್ರ ಆಗಂಗಿಲ್ಲ

ನಮಸ್ಕಾರ್ರಿ. ಯಾದಗಿರಿ, ಕಲಬುರಗಿ ಕಡಿ ಒಂದು ಮಾತು ಭಾಳ ಕೇಳ್ತೀವಿ: "ರಕ್ತ ಕಡಿಮಿ ಆಗಬಾರದಂತ ಸರ್ಕಾರ ಪುಕ್ಕಟ ಕಬ್ಬಿಣದ ಗುಳಿಗಿ ಕೊಟ್ರೂ ಬಸುರಿ ಹೆಣ್ಮಕ್ಕಳು ನುಂಗಂಗಿಲ್ಲ." ಕೇಳಿದಾಗೆಲ್ಲ ನನಗ ಸಿಟ್ಟು ಬರ್ತದ. ಹ್ಯಾಂಗ ನುಂಗಬೇಕು ಅಂತ ಆಕಿ ಮುಂದ ಕುಂತು ಯಾರು ಹೇಳ್ಯಾರ್ರಿ?

ನಾಕನೇ ತಿಂಗಳಿಂದ ದಿನಾ ಒಂದು ಕೆಂಪು ಗುಳಿಗಿ, ಅದರಾಗ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಮತ್ತ ದಿನಕ್ಕ ಎರಡು ಕ್ಯಾಲ್ಸಿಯಂ ಗುಳಿಗಿ. ಎಲ್ಲಾ ಒಂದೇ ಚೀಲದಾಗ ಹಾಕಿ ಕೈಗೆ ಕೊಡ್ತಾರ, ಆಕಿ ಒಂದೇ ಗುಟುಕಿಗೆ ನುಂಗ್ತಾಳ. ಕ್ಯಾಲ್ಸಿಯಂ ಕಬ್ಬಿಣಕ್ಕ ಅಡ್ಡ ಬರ್ತದ್ರಿ! ನಡುವ ಎರಡು ತಾಸು ಬಿಡಬೇಕು. ಕ್ಯಾಲ್ಸಿಯಂ ಊಟದ ಜೋಡಿ ನಡೀತದ, ಕಬ್ಬಿಣದ್ದು ಊಟದಿಂದ ದೂರ ಇದ್ದಷ್ಟು ಛಲೋ. ಇನ್ನ ನಮ್ಮ ಚಾ. ಮುಂಜಾನಿ ಎದ್ದ ಕೂಡಲೇ ಚಾ, ಹೊಲದಿಂದ ಬಂದ ಕೂಡಲೇ ಚಾ. ಚಾದಾಗಿನ ಒಗರು ಕಬ್ಬಿಣ ರಕ್ತಕ್ಕ ಸೇರ್ಲಿಕ್ಕ ಬಿಡಂಗಿಲ್ಲ. ಚಾ ಬದಲಿ ನಿಂಬಿಹಣ್ಣಿನ ನೀರಿನ ಜೋಡಿ ತಗೊಂಡ್ರ ಅದೇ ಗುಳಿಗಿ ಹೆಚ್ಚು ಮೈಗೆ ಹತ್ತತದ. ಖಾಲಿ ಹೊಟ್ಟಿಗೆ ವಾಂತಿ ಬಂದಂಗಾದ್ರ ರಾತ್ರಿ ಊಟ ಆದ ಮ್ಯಾಲ ಮಲಗೋ ಮುಂದ ತಗೋಬಹುದು, ಬಿಡೋದಕ್ಕಿಂತ ಅದು ಎಷ್ಟೋ ಪಾಡು. ಸಂಡಾಸ ಕರ್ರಗ ಆಗ್ತದ, ಅದಕ್ಕ ಅಂಜೋದು ಬ್ಯಾಡ.

ಅತ್ತಿಗೋಳಿಗೂ ಒಂದು ಮಾತು. ಈ ಗುಳಿಗಿಯಿಂದ ಕೂಸು ಕಪ್ಪಾಗ್ತದ ಅನ್ನೋದು ಸುಳ್ಳವ್ವಾ. ಹೊಟ್ಟಿಯಾಗಿನ ಕೂಸು ಕಡೀ ಮೂರು ತಿಂಗಳಾಗ ತಾಯಿಯಿಂದ ಕಬ್ಬಿಣ ತಗೊಂಡು ಕೂಡಿಡ್ತದ. ತಾಯಿ ಹಾಲಿನಾಗ ಕಬ್ಬಿಣ ಭಾಳ ಕಡಿಮಿ, ಅದಕ್ಕ ಹುಟ್ಟಿದ ಮ್ಯಾಲ ಹೆಚ್ಚುಕಡಿಮಿ ಆರು ತಿಂಗಳು ಕೂಸಿಗೆ ಆ ಗಂಟೇ ಆಧಾರ. ಮೆದುಳು ಭರಭರ ಬೆಳೆಯೋ ಹೊತ್ತದು. ಆಗ ಕಬ್ಬಿಣ ಸಾಲದಿದ್ರ ನಡಿಗಿ, ಮಾತು, ಕಲಿಕಿ ಹಿಂದ ಬೀಳಬಹುದು, ಮುಂದ ಎಷ್ಟು ಟಾನಿಕ್ ಕುಡಿಸಿದ್ರೂ ಪೂರ್ತಿ ತುಂಬತದಂತ ಹೇಳ್ಲಿಕ್ಕ ಬರಂಗಿಲ್ಲ. ಹೆರಿಗಿ ಟೈಮಿನಾಗ ಹೊಕ್ಕಳ ಬಳ್ಳಿ ಒಂದು ನಿಮಿಷ ತಡದು ಕತ್ತರಿಸಿದ್ರೂ ಕೂಸಿಗೆ ಕಬ್ಬಿಣ ಹೆಚ್ಚಿಗಿ ಸಿಗ್ತದ, ಅದಕ್ಕ ರೊಕ್ಕ ಏನೂ ಬೇಕಿಲ್ಲ.

ನನಗ ಹೆಚ್ಚು ಕಾಡೋದು ದುಡಿಲಿಕ್ಕ ಬೆಂಗಳೂರು, ಪುಣೆ, ಮುಂಬೈಗೆ ಹೋಗೋ ಕುಟುಂಬದ ಬಸುರಿ. ತಾಂಡಾ ಬಿಟ್ಟ ದಿನಾನೇ ಆಕಿ ಗುಳಿಗಿ ನಿಂತುಬಿಡ್ತದ. ಆಕಿ ಬಸ್ ಹತ್ತೋ ಮದಲೇ ಆಶಾ ಅಕ್ಕನವರು ಮೂರ್ನಾಕು ತಿಂಗಳಿಗಾಗೋವಷ್ಟು ಗುಳಿಗಿ ಕೊಟ್ಟು ಕಳಿಸೋ ಹಂಗ ಆಗಬೇಕು, ತಾಯಿ ಕಾರ್ಡ್ ಕೈಯಾಗ ಇರಬೇಕು. ಹೆರಿಗಿ ಆದ ಮ್ಯಾಲೂ 180 ದಿನ ತಗೋಬೇಕು ಅನ್ನೋದು ಆಕಿ ಗಂಡಗೂ ಗೊತ್ತಿರಬೇಕು.