ಕೊರೊನಾ ಮತ್ತು ಗುರುತು ತಪ್ಪಿದ ರೋಗನಿರೋಧಕ ಶಕ್ತಿ

ಕೇಳುಗರೆಲ್ಲರಿಗೂ ನಮಸ್ಕಾರ.

ಕೊರೊನಾ ದಿನಗಳಲ್ಲಿ ನಮಗೆಲ್ಲ ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸಿಕೊಳ್ಳುವ ಹಂಬಲವಿತ್ತು. ಆದರೆ ಆ ಶಕ್ತಿಗೆ ಬಲವೊಂದೇ ಸಾಲದು, ವಿವೇಕವೂ ಬೇಕು. ತನ್ನದು ಯಾವುದು, ಹೊರಗಿನದು ಯಾವುದು ಎಂಬ ಗುರುತು ತಪ್ಪಿದರೆ ಅದು ನಮ್ಮದೇ ಕೀಲು, ಚರ್ಮ, ಮೂತ್ರಪಿಂಡಗಳ ಮೇಲೆ ತಿರುಗಿಬೀಳುತ್ತದೆ. ರುಮಟಾಯ್ಡ್ ಸಂಧಿವಾತ, ಲೂಪಸ್ ಮುಂತಾದ ಆಟೊಇಮ್ಯೂನ್ ಕಾಯಿಲೆಗಳು ಹುಟ್ಟುವುದು ಹೀಗೆ.

ಸೋಂಕಿನಿಂದ ಈ ಗುರುತು ಕೆಡುವುದು ಹಳೆಯ ಸಂಗತಿ. ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದಿಂದ ಮಗುವಿಗೆ ಗಂಟಲು ನೋವು ಬರುತ್ತದೆ. ಕೆಲವು ಮಕ್ಕಳಿಗೆ ಕೆಲವು ವಾರಗಳ ಬಳಿಕ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟಗಳು ಹಾಳಾಗಬಹುದು. ಬ್ಯಾಕ್ಟೀರಿಯಾದ ಪ್ರೋಟೀನು ಹೃದಯದ ಪ್ರೋಟೀನನ್ನು ಹೋಲುವುದೇ ಇದಕ್ಕೆ ಕಾರಣ. ಕೊರೊನಾ ಸೋಂಕಿನ ಎರಡರಿಂದ ಆರು ವಾರಗಳ ನಂತರ ಕೆಲವು ಮಕ್ಕಳಿಗೆ ತೀವ್ರ ಜ್ವರ, ಮೈಮೇಲೆ ದದ್ದು, ಹೃದಯದ ತೊಂದರೆ ಕಾಣಿಸಿಕೊಂಡದ್ದು ನಿಮಗೆ ನೆನಪಿರಬಹುದು. ರೋಗಾಣುಗಳನ್ನು ಹಿಡಿಯಲು ದೇಹ ತಯಾರಿಸುವ ಪ್ರೋಟೀನುಗಳೇ ಪ್ರತಿಕಾಯಗಳು. ಆ ಮಕ್ಕಳಲ್ಲಿ ಕೆಲವರ ಪ್ರತಿಕಾಯಗಳು ವೈರಾಣುವಿನ ಒಂದು ಪ್ರೋಟೀನಿನ ಜೊತೆಗೆ ಅದನ್ನು ಹೋಲುವ ದೇಹದ ಪ್ರೋಟೀನನ್ನೂ ಹಿಡಿಯುತ್ತಿದ್ದವು ಎಂದು 2024ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದರು.

ನನ್ನನ್ನು ಹೆಚ್ಚು ಕಾಡುವುದು ಇದರ ಇನ್ನೊಂದು ಮುಖ. ವೈರಾಣು ಒಳಹೊಕ್ಕ ಕೂಡಲೇ ಜೀವಕೋಶಗಳು ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಸ್ರವಿಸಿ ನೆರೆಯ ಕೋಶಗಳನ್ನು ಎಚ್ಚರಿಸುತ್ತವೆ. ಫ್ರಾನ್ಸಿನ ವಿಜ್ಞಾನಿ ಪಾಲ್ ಬಾಸ್ಟಾರ್ಡ್ ಮತ್ತು ಸಂಗಡಿಗರು 2020ರಲ್ಲಿ, ಕೊರೊನಾದಿಂದ ಪ್ರಾಣಾಪಾಯಕ್ಕೆ ಸಿಲುಕಿದ್ದ 987 ಮಂದಿಯ ರಕ್ತವನ್ನು ಪರೀಕ್ಷಿಸಿದರು. ಅವರಲ್ಲಿ 101 ಮಂದಿಯಲ್ಲಿ ಈ ಇಂಟರ್‌ಫೆರಾನನ್ನೇ ನಿಷ್ಕ್ರಿಯಗೊಳಿಸುವ ಪ್ರತಿಕಾಯಗಳಿದ್ದವು. 101ರಲ್ಲಿ 95 ಮಂದಿ ಗಂಡಸರು. ಸೋಂಕು ಲಘುವಾಗಿದ್ದ 663 ಜನರಲ್ಲಿ ಒಬ್ಬರಲ್ಲೂ ಅವು ಕಾಣಲಿಲ್ಲ. ಕೆಲವರ ಹಳೆಯ ರಕ್ತದ ಮಾದರಿಗಳನ್ನು ತೆಗೆದು ನೋಡಿದಾಗ, ಸೋಂಕಿಗೆ ಮೊದಲೇ ಅವು ಅಲ್ಲಿದ್ದವು. ಆರೋಗ್ಯವಾಗಿಯೇ ಕಾಣುತ್ತಿದ್ದವರೂ ಏಕಾಏಕಿ ಕುಸಿದದ್ದೇಕೆ ಎಂದು ಕೊರಗಿದ ಎಷ್ಟೋ ಕುಟುಂಬಗಳಿಗೆ ಇದು ಒಂದಿಷ್ಟಾದರೂ ಉತ್ತರ ಕೊಡುತ್ತದೆ.

ಕೊರೊನಾ ಬಂದುಹೋದವರಲ್ಲಿ ಹೊಸದಾಗಿ ಆಟೊಇಮ್ಯೂನ್ ಕಾಯಿಲೆ ಕಾಣಿಸಿಕೊಳ್ಳುವುದು ತುಸು ಹೆಚ್ಚು ಎಂದು ಜರ್ಮನಿ, ದಕ್ಷಿಣ ಕೊರಿಯಾಗಳ ದೊಡ್ಡ ಅಧ್ಯಯನಗಳು ಹೇಳಿವೆ. ಬಹುಪಾಲು ಜನರಿಗೆ ಹಾಗಾಗುವುದಿಲ್ಲ.

ಅಮೃತಬಳ್ಳಿಯ ವಿಷಯವನ್ನೂ ಹೇಳಲೇಬೇಕು. ಶಕ್ತಿ ಹೆಚ್ಚಲೆಂದು ಅದನ್ನು ಸೇವಿಸಿದ ಕೆಲವರಲ್ಲಿ, ಆಟೊಇಮ್ಯೂನ್ ಲಕ್ಷಣಗಳುಳ್ಳ ಯಕೃತ್ತಿನ ಉರಿಯೂತ ಕಂಡುಬಂದದ್ದನ್ನು 2021ರಲ್ಲಿ ಮುಂಬೈನ ವೈದ್ಯರು ವರದಿ ಮಾಡಿದರು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಬಳಿಕ ದೇಶದ ಹಲವು ಆಸ್ಪತ್ರೆಗಳ ಇಂಥದೇ 43 ರೋಗಿಗಳ ವಿವರ ಪ್ರಕಟವಾಯಿತು. ಲೂಪಸ್, ಥೈರಾಯ್ಡ್ ಉರಿಯೂತದಂತಹ ಕಾಯಿಲೆ ಇರುವವರು ದಯವಿಟ್ಟು ವೈದ್ಯರನ್ನು ಕೇಳದೆ ಇಂಥವನ್ನು ಸೇವಿಸಬೇಡಿ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಸಂಧಿವಾತದ ಮಾತ್ರೆ ನುಂಗುತ್ತಿರುವವರು ಸೋಂಕಿಗೆ ಹೆದರಿ ತಾವಾಗಿಯೇ ಅದನ್ನು ನಿಲ್ಲಿಸಬೇಡಿ. ಕಾಯಿಲೆ ಕೆರಳಿದರೆ ಅಪಾಯ ಇನ್ನೂ ಹೆಚ್ಚು.

ಬೆಳಿಗ್ಗೆ ಎದ್ದಾಗ ಬೆರಳುಗಳು ಗಂಟೆಗಟ್ಟಲೆ ಬಿಗಿದುಕೊಂಡು, ಕೀಲುಗಳ ಊತ ಆರು ವಾರ ಕಳೆದರೂ ಇಳಿಯದಿದ್ದರೆ ಇಂಥ ಕೀಲುರೋಗಗಳನ್ನು ನೋಡುವ ರುಮಟಾಲಜಿ ತಜ್ಞರನ್ನು ಕಾಣಿ. ಆದರೆ ನಮ್ಮದೇ ಜೀವಕೋಶಗಳ ವಿರುದ್ಧದ ಪ್ರತಿಕಾಯಗಳನ್ನು ಹುಡುಕುವ ಎಎನ್‌ಎ ರಕ್ತಪರೀಕ್ಷೆಯಲ್ಲಿ ‘ಪಾಸಿಟಿವ್’ ಬಂದ ಮಾತ್ರಕ್ಕೆ ಲೂಪಸ್ ಬಂತೆಂದು ಗಾಬರಿಯಾಗಬೇಡಿ. ಏನೂ ಕಾಯಿಲೆಯಿಲ್ಲದ ಅನೇಕರಲ್ಲೂ ಆ ಪರೀಕ್ಷೆ ಪಾಸಿಟಿವ್ ಬರುತ್ತದೆ.

ನಮಸ್ಕಾರ.