ಕಣ್ಣು ಸರಿ ಇದೆ, ಆದರೆ ಕಾಣಿಸ್ತಿಲ್ಲ

ಎಲ್ಲರಿಗೂ ನಮಸ್ಕಾರ.

ಕಾಂಬೋಡಿಯಾ ಅಂದರೆ ನಮಗೆ ಮೊದಲು ಅಂಕೋರ್ ವಾಟ್ ನೆನಪಾಗುತ್ತದೆ, ಅಲ್ವಾ? ಇವತ್ತು ದೇವಸ್ಥಾನ ಬೇಡ. ಒಬ್ಬ ಅಜ್ಜಿಯ ವಿಷಯ ಹೇಳುತ್ತೇನೆ. ಅವರಿಗೆ ಹೆಸರು ಇಟ್ಟಿಲ್ಲ. ಯಾಕಂದರೆ ಇದು ಹಲವರ ಬದುಕನ್ನು ಸೇರಿಸಿ ಹೇಳುತ್ತಿರುವ ಕಥೆ.

1975ರ ಏಪ್ರಿಲ್ 17. ಅವರ ಹೊಸ ವರ್ಷದ ಹಬ್ಬ ಆಗಷ್ಟೇ ಮುಗಿದಿತ್ತು. ನಮ್ಮ ಕರಾವಳಿಯ ಬಿಸು ಬರುವುದೂ ಹೆಚ್ಚುಕಮ್ಮಿ ಆ ದಿನಗಳಲ್ಲೇ. ಖ್ಮೇರ್ ರೂಜ್ ಅನ್ನುವ ಕಮ್ಯುನಿಸ್ಟ್ ಬಂಡುಕೋರ ಪಡೆಯವರು ರಾಜಧಾನಿ ನಾಮ್ ಪೆನ್‌ಗೆ ನುಗ್ಗಿದರು. ಅಮೆರಿಕದವರು ಬಾಂಬ್ ಹಾಕ್ತಾರೆ, ಎಲ್ಲರೂ ಹೊರಡಿ, ಎರಡು ಮೂರು ದಿನ ಅಷ್ಟೇ ಅಂದರು. ಆಸ್ಪತ್ರೆಯಲ್ಲಿ ಮಲಗಿದ್ದವರನ್ನೂ ಬಿಡಲಿಲ್ಲ. ಆ ಮೂರು ದಿನ ಮೂರು ವರ್ಷ ಎಂಟು ತಿಂಗಳಾಯಿತು.

ಹಳ್ಳಿಗಳಿಗೆ ಅಟ್ಟಿದ ಮೇಲೆ ಮನೆಯಲ್ಲಿ ಒಲೆ ಹಚ್ಚುವ ಹಾಗಿಲ್ಲ. ಪಾತ್ರೆಗಳನ್ನೂ ಕಿತ್ತುಕೊಂಡರು. ಹಗಲೆಲ್ಲ ಕಾಲುವೆ ತೋಡಿ, ಭತ್ತ ನಾಟಿ ಮಾಡಿದವರಿಗೆ ಸಿಕ್ಕಿದ್ದು ತಿಳಿಗಂಜಿ. ಅದರಲ್ಲಿ ಅಗುಳು ಎಣಿಸಬಹುದಿತ್ತು. ಸ್ವಂತದ್ದು ಅಂತ ಉಳಿದದ್ದು ಒಂದು ಚಮಚ. ಓದು ಬರುತ್ತೆ ಅಂದರೆ ಜೀವಕ್ಕೇ ಕುತ್ತು. ಕನ್ನಡಕ ಹಾಕಿದರೂ ಅನುಮಾನ. ಸತ್ತವರು ಸುಮಾರು 17 ಲಕ್ಷ. ದೇಶದ ಜನಸಂಖ್ಯೆಯೇ 80 ಲಕ್ಷದ ಆಸುಪಾಸು.

1979ರ ಜನವರಿಯಲ್ಲಿ ವಿಯೆಟ್ನಾಂ ಸೇನೆ ಬಂದು ಆ ಆಡಳಿತವನ್ನು ಕೆಡವಿತು. ಅಜ್ಜಿ ಉಳಿದ ಮಗಳ ಕೈ ಹಿಡಿದು, ನೆಲಬಾಂಬ್ ಹೂತಿದ್ದ ಕಾಡು ದಾಟಿ, ಥಾಯ್ಲೆಂಡಿನ ಖಾವೊ ಇ ದಾಂಗ್ ಶಿಬಿರ ಸೇರಿದರು. ಅಲ್ಲಿ ಕೆಲವು ವರ್ಷ. ಆಮೇಲೆ ಅಮೆರಿಕದ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್.

ಆ ಭಾಗದ ಕಣ್ಣಿನ ಡಾಕ್ಟರುಗಳಿಗೆ 1980ರ ದಶಕದಲ್ಲಿ ಒಂದು ಸೋಜಿಗ ಕಾದಿತ್ತು. ಕಾಂಬೋಡಿಯಾದ ಹೆಂಗಸರು, ಹೆಚ್ಚಿನವರು ನಡುವಯಸ್ಸು ದಾಟಿದವರು, ಒಬ್ಬೊಬ್ಬರಾಗಿ ಬಂದು ಕಣ್ಣು ಕಾಣಿಸ್ತಿಲ್ಲ ಅನ್ನುತ್ತಿದ್ದರು. ಪರೀಕ್ಷೆ ಮಾಡಿದರೆ ಕಣ್ಣಿನಲ್ಲಿ ದೋಷವೇ ಇಲ್ಲ. ಸರ್ಕಾರದ ದುಡ್ಡಿಗಾಗಿ ಸುಮ್ನೆ ಹೇಳ್ತಾರೆ ಅಂದುಕೊಂಡವರೂ ಇದ್ದರು. ಹೀಗೆ ಕಣ್ಣು ಕಾಣದ ಹೆಂಗಸರು ಸುಮಾರು 150 ಮಂದಿ. ಈ ಅಜ್ಜಿಯೂ ಅವರಲ್ಲೊಬ್ಬರು. ಕೂರಿಸಿ ಮಾತಾಡಿಸಿದಾಗ ಗೊತ್ತಾಯಿತು: ಗಂಡನನ್ನೋ ಮಗುವನ್ನೋ ಕಣ್ಣೆದುರೇ ಕಳಕೊಂಡವರು. ಅಲ್ಲಿ ಅಳುವುದೂ ಅಪರಾಧವಾಗಿತ್ತು.

ನನಗೆ ಇನ್ನೊಂದು ಹೊಳೆಯುತ್ತದೆ. ಓದು ಬರಲ್ಲ ಅಂತ ನಟಿಸಿ ಜೀವ ಉಳಿಸಿಕೊಂಡ ಹೆಂಗಸನ್ನು ಕುರ್ಚಿಯಲ್ಲಿ ಕೂರಿಸಿ, ಗೋಡೆಯ ಮೇಲಿನ ಅಕ್ಷರ ಓದಿ ಅಂದರೆ ಅವರಿಗೆ ಹೇಗಾಗಿರಬೇಡ?

ಮಗಳು ಡೋನಟ್ ಅಂಗಡಿ ಹಾಕಿದಳು. ಕ್ಯಾಲಿಫೋರ್ನಿಯಾದಲ್ಲಿ ಅಂಥ ಅಂಗಡಿಗಳಲ್ಲಿ ಜಾಸ್ತಿ ಕಾಂಬೋಡಿಯಾದವರದ್ದೇ. ನಡುರಾತ್ರಿ ಎದ್ದು ಹಿಟ್ಟು ಕಲಸುವ ಕೆಲಸ. ಶಿಬಿರದಲ್ಲಿ ಹುಟ್ಟಿದ ಮೊಮ್ಮಗ ಬೀದಿ ಹುಡುಗರ ಜೊತೆ ಸೇರಿ ಜೈಲು ಕಂಡ. ಪೌರತ್ವ ಇರಲಿಲ್ಲ. 2002ರಲ್ಲಿ ಅಮೆರಿಕ, ಕಾಂಬೋಡಿಯಾ ಸರ್ಕಾರಗಳು ಒಪ್ಪಂದ ಮಾಡಿಕೊಂಡ ಮೇಲೆ ಇಂಥವರನ್ನು ಕಾಂಬೋಡಿಯಾಕ್ಕೆ ಕಳಿಸತೊಡಗಿದರು. ಅವನು ಒಂದು ಸಲವೂ ಕಾಲಿಡದ ದೇಶ ಅದು.

ಈಗ ಅಜ್ಜಿ ಅವನಿಗೆ ಫೋನ್ ಮಾಡುತ್ತಾರೆ. ಹೇಗಿದ್ದೀಯಾ ಅಂತ ಕೇಳುವುದಿಲ್ಲ. ಅನ್ನ ತಿಂದ್ಯಾ ಅಂತ ಕೇಳುತ್ತಾರೆ.