ಊಟವಿಲ್ಲದ ಕೂಟ: ಜೂಲಿ ದ ಲೆಸ್ಪಿನಾಸ್ ಮನೆಯ ಸಂಜೆಗಳು

ಇದು ಪ್ಯಾರಿಸ್‌ನ ಸೇಂ-ದೊಮಿನಿಕ್ ರಸ್ತೆ. ಈಗ ರಕ್ಷಣಾ ಸಚಿವಾಲಯದ ಕಟ್ಟಡಗಳಿರುವ ಕಡೆ 18ನೇ ಶತಮಾನದಲ್ಲಿ ಸೇಂ-ಜೋಸೆಫ್ ಕಾನ್ವೆಂಟ್ ಎಂಬ ಸನ್ಯಾಸಿನಿಯರ ಮಠ ಇತ್ತು. ಅಲ್ಲಿ ಬಾಡಿಗೆಗಿದ್ದು, ಬರಹಗಾರರನ್ನೂ ಚಿಂತಕರನ್ನೂ ಸಂಜೆ ಮಾತುಕತೆಗೆ ಸೇರಿಸುತ್ತಿದ್ದ ಮದಾಂ ದು ದೆಫಾಂ, ಕಣ್ಣು ಹೋಗುತ್ತಾ ಬಂದಾಗ, 1754ರಲ್ಲಿ ಜೂಲಿಯನ್ನು ಜೊತೆಗಿರಲು ಕರೆಸಿಕೊಂಡಳು. ಜೂಲಿ ಒಬ್ಬ ಕೌಂಟೆಸ್‌ಗೆ ಮದುವೆಯಾಚೆ ಹುಟ್ಟಿದವಳು. ಆಸ್ತಿಯೂ ಇಲ್ಲ, ಮನೆತನದ ಹೆಸರೂ ಇಲ್ಲ.

ಎಡವಟ್ಟಾದದ್ದು ಗಡಿಯಾರದಿಂದ. ಯಜಮಾನಿ ಏಳುತ್ತಿದ್ದದ್ದೇ ಸಂಜೆ ಆರರ ಸುಮಾರಿಗೆ. ಅದಕ್ಕೊಂದು ಗಂಟೆ ಮುಂಚೆ ಗಣಿತಜ್ಞ ದಾಲಂಬೇರ್‌ನಂಥವರು ಜೂಲಿಯ ಪುಟ್ಟ ಕೋಣೆಯಲ್ಲಿ ಸೇರಿ, ಒಳ್ಳೊಳ್ಳೆ ಮಾತನ್ನೆಲ್ಲ ಅಲ್ಲೇ ಖರ್ಚು ಮಾಡಿಬಿಡುತ್ತಿದ್ದರು. 1764ರಲ್ಲಿ ಗುಟ್ಟು ರಟ್ಟಾಗಿ ಜೂಲಿ ಹೊರಬಿದ್ದಳು. ಅತಿಥಿಗಳಲ್ಲಿ ಹಲವರು ಅವಳ ಹಿಂದೆಯೇ ನಡೆದರು.

ಹೊಸ ಮನೆ ಹತ್ತಿರದ ಬೆಲ್‌ಶಾಸ್ ರಸ್ತೆಯಲ್ಲಿ. ಸಿರಿವಂತೆ ಮದಾಂ ಜೊಫ್ರಾಂ ಸೋಮವಾರ ಕಲಾವಿದರಿಗೆ, ಬುಧವಾರ ಬರಹಗಾರರಿಗೆ ಊಟ ಹಾಕುತ್ತಿದ್ದಳು. ಜೂಲಿಯ ಕೈಲಿ ಅದಾಗದು. ದಿನವೂ 5ರಿಂದ 9ರವರೆಗೆ ಬಾಗಿಲು ತೆರೆದಿರುತ್ತಿತ್ತು, ಅಷ್ಟೇ. ಎಲೆ ಎಣಿಸುವ ತಾಪತ್ರಯವಿಲ್ಲದ್ದರಿಂದ ಯಾರು ಬೇಕಾದರೂ ಬಂದು ಹೋಗಬಹುದಿತ್ತು. ನಿಜಕ್ಕೂ ಇದೇ ಒಳ್ಳೆಯ ಏರ್ಪಾಡು. 1765ರಲ್ಲಿ ಕಾಯಿಲೆ ಬಿದ್ದ ದಾಲಂಬೇರ್ ಆ ಮನೆಗೇ ಬಂದು ಉಳಿದ. 1772ರಲ್ಲಿ ಅವನು ಫ್ರೆಂಚ್ ನುಡಿಯ ಉನ್ನತ ಸಂಸ್ಥೆಯಾದ ಫ್ರೆಂಚ್ ಅಕಾಡೆಮಿಯ ಕಾಯಂ ಕಾರ್ಯದರ್ಶಿಯಾದ ಮೇಲಂತೂ, ಅಲ್ಲಿನ 40 ಪೀಠಗಳಲ್ಲೊಂದರ ಮೇಲೆ ಕಣ್ಣಿಟ್ಟವರಿಗೆ ಈ ಮನೆಯೇ ಹೆಬ್ಬಾಗಿಲು.

ದಾಲಂಬೇರ್‌ನ ಮನಸ್ಸು ಜೂಲಿಯ ಮೇಲೆ. ಅವಳದ್ದು ಸ್ಪೇನ್‌ನ ಮೋರಾ ಎಂಬ ಕ್ಷಯರೋಗಿಯ ಮೇಲೆ. ಮೋರಾ ಪರಊರಲ್ಲಿದ್ದಾಗ ಅವನ ಪತ್ರ ತರಲು ಬೆಳಿಗ್ಗೆ ಅಂಚೆಗೆ ಹೋಗುತ್ತಿದ್ದವನು, ಪಾಪ, ದಾಲಂಬೇರನೇ ಎಂದು ಆ ಕಾಲದ ಬರಹಗಾರ ಮಾರ್ಮೊಂತೆಲ್ ಬರೆದಿಟ್ಟಿದ್ದಾನೆ. ಫ್ರಾನ್ಸಿನ ಹೆಸರಾಂತ ವಿಶ್ವಕೋಶವನ್ನು ಸಂಪಾದಿಸಿದವನ ಪಾಡು ನೋಡಿ! 1772ರಲ್ಲಿ ಜೂಲಿಗೆ ಯುದ್ಧತಂತ್ರದ ಬಗ್ಗೆ ಬರೆಯುತ್ತಿದ್ದ ಕರ್ನಲ್ ಗಿಬೇರ್‌ನ ಪರಿಚಯವಾಯಿತು. ಜೂಲಿಯನ್ನು ಕಾಣಲು ಹೊರಟ ಮೋರಾ 1774ರ ಮೇನಲ್ಲಿ ದಾರಿಯಲ್ಲಿ, ಬೋರ್ಡೋ ಊರಲ್ಲೇ ತೀರಿಕೊಂಡ. ಅಷ್ಟರಲ್ಲಿ ಅವಳು ಗಿಬೇರ್‌ಗೆ ಒಲಿದಾಗಿತ್ತು. ಮರುವರ್ಷ ಗಿಬೇರ್ ಬೇರೊಬ್ಬಳನ್ನು ಮದುವೆಯಾದ.

ಅವನಿಗೆ ಜೂಲಿ ಬರೆದ ಒಂದು ಪತ್ರದಲ್ಲಿ ತಾರೀಕೇ ಇಲ್ಲ. ಆ ಜಾಗದಲ್ಲಿ "ನನ್ನ ಬದುಕಿನ ಎಲ್ಲ ಕ್ಷಣಗಳಿಂದ, 1774" ಎಂದಿದೆ. ಕೆಳಗೆ ಇಷ್ಟೇ: "ಗೆಳೆಯಾ, ನೋಯುತ್ತಿದ್ದೇನೆ, ನಿಮ್ಮನ್ನು ಪ್ರೀತಿಸುತ್ತೇನೆ, ನಿಮಗಾಗಿ ಕಾಯುತ್ತಿದ್ದೇನೆ." ಆ ಕಾಲದ ದಪ್ಪ ದಪ್ಪ ಪತ್ರ-ಕಾದಂಬರಿಗಳನ್ನು ಪಕ್ಕಕ್ಕಿಟ್ಟು ಇದನ್ನೊಂದು ಓದಿದರೂ ಸಾಕು.

1776ರ ಮೇನಲ್ಲಿ ಜೂಲಿ ಸತ್ತಾಗ ಅವಳ ಕಾಗದಪತ್ರಗಳ ಹೊಣೆ ದಾಲಂಬೇರ್ ಹೆಗಲಿಗೆ ಬಿತ್ತು. ವಿಂಗಡಿಸುವಾಗಲೇ ಮೋರಾನ ಮೇಲೆ ಅವಳಿಗಿದ್ದ ಪ್ರೇಮ ತಿಳಿದು ಕುಸಿದುಹೋದ. ಆ ಗೋಳನ್ನು ಅವನು ಬರೆದುಕೊಂಡದ್ದು ಯಾರಿಗೆ ಗೊತ್ತೇ? ಗಿಬೇರ್‌ಗೆ! ಗಿಬೇರ್‌ಗೆ ಜೂಲಿ ಬರೆದ ಪತ್ರಗಳು ಹೊರಬಿದ್ದದ್ದು 1809ರಲ್ಲಿ. ಅಚ್ಚು ಹಾಕಿಸಿದವಳು ಗಿಬೇರ್‌ನ ವಿಧವೆ.